ರಕ್ತ ಕೊಟ್ಟ ಮಾವ

ಒಬ್ಬಟ್ಟಿನ ಡಬ್ಬಿ ಕೊಡುವಾಗ ಕೈ ನಡುಗಿಬಿಟ್ಟರೆ? ಚಾಮರಾಜಪೇಟೆಯ ರಾಮಸ್ವಾಮಿ ಮಾವನ ಮನೆಯ ಮೆಟ್ಟಿಲಲ್ಲಿ ನಿಂತ ಮಧುರಾ ತನಗೆ ಇದೊಂದೇ ಚಿಂತೆ ಎಂದುಕೊಂಡಳು. ಇದಕ್ಕಿಂತ ದೊಡ್ಡದನ್ನು ಮನಸ್ಸು ಮುಟ್ಟುತ್ತಿರಲಿಲ್ಲ.

ಪ್ರತಿವರ್ಷ ಅವಳ ಹುಟ್ಟುಹಬ್ಬದ ಮೊದಲ ಒಬ್ಬಟ್ಟು ರಾಮಸ್ವಾಮಿ ಮಾವನಿಗೆ. ಅವಳು ಹುಟ್ಟಿದ ದಿನ ಅಮ್ಮನಿಗೆ ರಕ್ತಸ್ರಾವ ನಿಲ್ಲದಿದ್ದಾಗ, ಆಗ ಪಕ್ಕದ ಮನೆಯಲ್ಲಿದ್ದ ಅವರು ಓಡಿಬಂದು ರಕ್ತ ಕೊಟ್ಟಿದ್ದರು. ಚಿಕ್ಕಂದಿನಲ್ಲಿ ಮಧುರಾ, ಅಮ್ಮ ಹಾಡಿಕೊಳ್ಳುವಾಗ ಒಳಗೆಲ್ಲೋ ಮಾವನೂ ಗುನುಗುತ್ತಿರಬೇಕು ಎಂದು ಅವಳ ಬೆನ್ನಿಗೆ ಕಿವಿಯಿಟ್ಟು ಆಲಿಸುತ್ತಿದ್ದಳು.

ಕಳೆದ ತಿಂಗಳು ಅಮ್ಮನ ಕತ್ತಿನಲ್ಲಿ ಗಂಟು ಕಾಣಿಸಿತು. ಲಿಂಫೋಮಾ ಎಂದರು ಡಾಕ್ಟರು. ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ಸೂ ಇದೆ, ಅದು ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಕೆಲವರಲ್ಲಿ ಇಂಥ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತದೆ. ಮೊದಲು ಮಾತ್ರೆ ಕೊಟ್ಟು ವೈರಸ್ ಕಳೆಯೋಣ, ಒಮ್ಮೊಮ್ಮೆ ಗಂಟೂ ಕರಗುವುದುಂಟು ಎಂದರು. ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದಿರಾ ಎಂದು ಅವರು ಕೇಳಿದಾಗ ಅಮ್ಮ ಮಗಳ ಮುಖ ನೋಡಿದಳು. ಆ ಕಾಲದಲ್ಲಿ ಈ ವೈರಸ್ಸಿಗಾಗಿ ಎಲ್ಲ ಕಡೆ ರಕ್ತ ಪರೀಕ್ಷಿಸುತ್ತಿರಲಿಲ್ಲವಂತೆ. ಕೊಟ್ಟವರೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದಂತೆ, ಅದು ಲಿವರನ್ನು ಕೆಡಿಸಿದರೆ ಸುಸ್ತು, ಕಾಲಿನ ಊತ ಕಾಣಿಸಿಕೊಳ್ಳುತ್ತದಂತೆ.

ಮಾವನಿಗೆ ಹೇಳಲು ಅಮ್ಮ ಒಪ್ಪಿರಲಿಲ್ಲ. "ಪ್ರಾಣ ಉಳಿಸಿದೋರಿಗೆ ಹಾಗನ್ನಕ್ಕಾಗತ್ತೇನೇ? ಡಬ್ಬಿ ಕೊಟ್ಟು ಸುಮ್ನೆ ಬಂದ್ಬಿಡು."

ಬಾಗಿಲು ತೆರೆದ ಮಾವನಿಗೆ ಇದೊಂದೂ ಗೊತ್ತಿರಲಿಲ್ಲ. "ಬಾ ಪುಟ್ಟೀ. ನಿಮ್ಮಮ್ಮ ಇನ್ನೂ ಹಾಗೇ ಸಿಡುಕ್ತಾಳಾ? ನಂದೇ ರಕ್ತ, ಏನ್ಮಾಡೋದು."

ವರ್ಷವರ್ಷದ ತಮಾಷೆ. ಮಧುರಾ ನಗಲು ನೋಡಿದಳು. ಹೊರಗಿನ ಹೊಂಗೆಮರದ ನೆರಳು ನಡುಮನೆಯ ಕೆಂಪು ನೆಲದ ಮೇಲೆ ನೀರಿನಂತೆ ಅಲುಗುತ್ತಿತ್ತು. ಬೆತ್ತದ ಕುರ್ಚಿ, ಗೋಡೆಯ ಕ್ಯಾಲೆಂಡರು, ಮಾವನ ಬಿಳಿ ಪಂಚೆ ಎಲ್ಲವೂ ಆ ನೀರಿನಡಿ ತೇಲುವಂತಿದ್ದವು. ಈಚೆಗೆ ಗಾಂಧಿಬಜಾರಿಗೆ ಹೋಗಿ ಬರುವಷ್ಟರಲ್ಲಿ ಸುಸ್ತು, ವಯಸ್ಸಾಯಿತಲ್ಲ ಎಂದು ಅವರು ತಾವೇ ನಕ್ಕರು. ಅವರ ಪಾದಗಳು ಊದಿಕೊಂಡಿದ್ದವು. ಅವಳು ಅವನ್ನೇ ನೋಡುತ್ತ ಕೂತಳು.

ಮಾವ ಒಬ್ಬಟ್ಟನ್ನು ಮುರಿದು ಅರ್ಧ ಅವಳ ಅಂಗೈಗಿಟ್ಟರು. "ಹುಟ್ಟಿದ್ದು ನೀನು, ತಿನ್ನೋದು ನಾನೊಬ್ನೇನಾ?"

ಅದಿನ್ನೂ ಬೆಚ್ಚಗಿತ್ತು. ತುಪ್ಪ ಬೆರಳ ಸಂದಿಗಿಳಿಯಿತು. ಕೈ ನಡುಗಲಿಲ್ಲ.

"ಮಾವಾ, ಅಮ್ಮಂಗೆ ಹುಷಾರಿಲ್ಲ. ಆವತ್ತಿನ ರಕ್ತದಿಂದ ಒಂದು ವೈರಸ್ ಬಂದಿರ್ಬಹುದು. ನಿಮ್ಮಲ್ಲೂ ಇರ್ಬಹುದು, ಮಾತ್ರೆಗೆ ವಾಸಿಯಾಗತ್ತೆ. ನಾಳೆ ನನ್ ಜೊತೆ ಬನ್ನಿ."