ಚಿಕ್ಕಮ್ಮ ಮಾಡಿದ ಸಿಗಡಿ

ನಾನು ಒಂದು ಕಬ್ಬಿಣದ ಬಾಣಲೆ. ಹುಟ್ಟಿದ್ದು ಕುಂದಾಪುರದ ಹತ್ತಿರದ ಒಂದು ಕುಲುಮೆಯಲ್ಲಿ. ನನ್ನನ್ನು ಬಡಿದು ಮಾಡಿದ ಆಚಾರಿಗೆ ಆ ದಿನ ಹೆಂಡತಿಯ ಮೇಲೆ ವಿಪರೀತ ಸಿಟ್ಟು. ಅದನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡ. ಅದಕ್ಕೇ ಇರಬೇಕು, ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಅಂಗಡಿಯಲ್ಲಿ ಪಕ್ಕದ ಹಿತ್ತಾಳೆ ಚೆಂಬನ್ನು ಯಾರಾದರೂ ಎತ್ತಿ ನೋಡಿದರೂ ನನಗೆ ತಡೆಯುತ್ತಿರಲಿಲ್ಲ.

ನನ್ನನ್ನು ಕೊಂಡವರು ವನಜಳ ಸೋದರಮಾವ, ಅವಳ ಮದುವೆಯ ಉಡುಗೊರೆಗೆಂದು. ಅವಳ ಜೊತೆ ಗಂಗೊಳ್ಳಿಯ ಮೀನುಗಾರರ ಮನೆಗೆ ನಾನೂ ಬಂದೆ. ಅಲ್ಲಿ ಮೀನುಸಾರಿನ ಮಡಕೆಯೊಂದು ಒಲೆಯ ಮೇಲೆ ಮೊದಲೇ ಠಿಕಾಣಿ ಹೂಡಿತ್ತು. ಮನೆಯವರು ಅದನ್ನು ಹೊಗಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಒಂದು ದಿನ ಅದು ಬಿರುಕು ಬಿಟ್ಟಿತು. ನನಗೆ ಹಬ್ಬ.

ಆಮೇಲೆ ಅಡುಗೆಮನೆ ನನ್ನದೇ. ವನಜ ಬ್ಯಾಡಗಿ ಮೆಣಸು ಅರೆದು, ತೆಂಗಿನೆಣ್ಣೆ ಸುರಿದು, ಸಿಗಡಿ ಹುರಿಯಲು ನಿಂತರೆ ಪಕ್ಕದ ಮನೆಯವರು ನೆಪ ಹುಡುಕಿಕೊಂಡು ಬರುತ್ತಿದ್ದರು. ನನಗೆ ಸೋಪು ತಾಗಿಸಲು ಅವಳು ಯಾರಿಗೂ ಬಿಡುತ್ತಿರಲಿಲ್ಲ. ತೆಂಗಿನ ನಾರಿನಿಂದ ಒರೆಸಿ ಇಡುತ್ತಿದ್ದಳು, ಅಷ್ಟೇ. ಮಸಾಲೆ ಕುಡಿದು ಕುಡಿದು ನಾನು ಕರ್ರಗೆ ಹೊಳೆಯುತ್ತಿದ್ದೆ.

ಆದರೆ ವನಜಳ ಮಗಳು ಅನ್ವಿತಾ ನನ್ನಿಂದ ಬಂದ ಒಂದು ತುಣುಕನ್ನೂ ನುಂಗಲಿಲ್ಲ. ವನಜ ಸಿಗಡಿಯನ್ನು ನೀರಿನಲ್ಲಿ ತೊಳೆದು ಬಾಯಿಗಿಡುತ್ತಿದ್ದಳು. ಮಗು "ಅಮ್ಮ, ಖಾರ!" ಎಂದು ಉಗಿದು ಅಳುತ್ತಿತ್ತು. ಅದಕ್ಕೆ ಮೊಸರನ್ನವೇ ಗತಿ. "ಮೀನ್ ಹಿಡಿಯೋರ ಮನೆ ಹೆಣ್, ಒಂದ್ ಚಟ್ಲಿ ತಿನ್ನೂದಿಲ್ಲ ಅಂದ್ರೆ!" ಎಂದು ಅತ್ತೆ ಗೊಣಗುವರು. ನಮ್ಮ ಕಡೆ ಸಿಗಡಿಗೆ ಚಟ್ಲಿ ಎನ್ನುತ್ತಾರೆ. ವನಜ ಉಳಿದ ತುತ್ತನ್ನು ತಾನೇ ತಿನ್ನುವಳು.

ಅಷ್ಟರಲ್ಲಿ ಮೈದುನನ ಮದುವೆಯಾಗಿ ದೀಕ್ಷಿತಾ ಬಂದಳು. ಅವಳ ಜೊತೆ ಒಂದು ಬಿಳಿ ಬಾಣಲೆಯೂ ಬಂತು. ತೆಳ್ಳಗೆ, ನಾಜೂಕಾಗಿ, ಮುಟ್ಟಿದರೆ ಮುನಿಯುವ ಜಾತಿ. ಅದನ್ನು ಮೆತ್ತಗಿನ ಬಟ್ಟೆಯಲ್ಲೇ ಒರೆಸಬೇಕಂತೆ! ನಾನು ಅವತ್ತೇ ಮೂಗು ಮುರಿದೆ.

ದೀಕ್ಷಿತಾ ಮದುವೆಗೆ ಮುಂಚೆ ಜಪಾನಿಗೆ ಸಿಗಡಿ ಕಳಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ಅಲ್ಲಿ ಕಲಿತದ್ದನ್ನು ಮಾಡಲು ಕೂತಳು. ಸಿಗಡಿಯ ಹೊಟ್ಟೆಗೆ ಅಡ್ಡಡ್ಡ ಗೀರು ಹಾಕಿ, ಬೆರಳಿನಿಂದ ಅದುಮಿ ನೆಟ್ಟಗೆ ಮಾಡಿದಳು. ವನಜ ರೂಢಿಯಂತೆ ಬಾಲ ಕೀಳಲು ಹೋದಳು.

"ಅಕ್ಕಾ, ಬಾಲ ತೆಗಿಬೇಡಿ. ಹಿಡ್ಕಂಬುಕೆ ಬೇಕ್."

ಮೈದಾ, ಮೊಟ್ಟೆ, ಒಣಗಿಸಿದ ಬ್ರೆಡ್ಡಿನ ಪುಡಿ. ಮೆಣಸಿಲ್ಲ, ಹುಳಿಯಿಲ್ಲ. ಇದೂ ಒಂದು ಅಡುಗೆಯೇ ಎಂದುಕೊಂಡೆ. ಬಿಳಿ ಬಾಣಲೆಯಲ್ಲಿ ಸಿಗಡಿ ಹೊಂಬಣ್ಣಕ್ಕೆ ತಿರುಗಿತು. ಅನ್ವಿತಾ ಬಾಲ ಹಿಡಿದು ಕಚ್ಚಿದಳು. ಕರುಂ ಎಂದಿತು. ಮತ್ತೊಂದು ಬೇಡಿದಳು, ಇನ್ನೊಂದು ಬೇಡಿದಳು, ಕೊನೆಗೆ ಚಿಕ್ಕಮ್ಮನ ತೊಡೆಯೇರಿ ಕೂತಳು. ಅಂದಿನಿಂದ ಅವಳಿಗೆ ಸ್ನಾನಕ್ಕೂ ಚಿಕ್ಕಮ್ಮ, ಜಡೆಗೂ ಚಿಕ್ಕಮ್ಮ.

ವನಜ ಆ ಸಂಜೆ ನನ್ನನ್ನು ಉಜ್ಜಿದ ಪರಿ! ನಾನು ಕೊಳೆಯಾಗಿರಲೇ ಇಲ್ಲ. ನನಗೆ ಬಿಳಿಯವಳ ಮೇಲೆ ಉರಿ, ವನಜಳಿಗೆ ದೀಕ್ಷಿತಾಳ ಮೇಲೆ. ನಮ್ಮಿಬ್ಬರಿಗೂ ಒಂದೇ ಕಾಯಿಲೆ ಎಂದು ನನಗೆ ಒಳಗೊಳಗೇ ಸಮಾಧಾನವೂ ಆಯಿತು.

ದೀಕ್ಷಿತಾ ತವರಿಗೆ ಹೋದ ವಾರ ವನಜ ತಾನೇ ಮಾಡಲು ನಿಂತಳು. ಬಿಳಿ ಬಾಣಲೆಯತ್ತ ತಿರುಗಿಯೂ ನೋಡದೆ ನನ್ನನ್ನೇ ಒಲೆಗೇರಿಸಿದಳು. ನಾನು ಉಬ್ಬಿಹೋದೆ. ಗೀರು, ಬಾಲ, ಪುಡಿ, ಎಲ್ಲವೂ ಸರಿಯಾಗಿಯೇ ಆಯಿತು. ಮೆಣಸಿನ ಡಬ್ಬಿಯನ್ನು ಅವಳು ಮುಟ್ಟಲೇ ಇಲ್ಲ. ಅನ್ವಿತಾ ಕಚ್ಚಿದಳು.

"ಖಾರ!"

ವನಜ ತಾನೂ ತಿಂದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ವರ್ಷಗಟ್ಟಲೆ ನಾನು ಕುಡಿದ ಮೆಣಸೆಲ್ಲ ಎಣ್ಣೆಗೆ ಇಳಿದಿತ್ತು.

ಮರುದಿನ ಅವಳು ನನ್ನನ್ನು ಹಿತ್ತಲಿಗೆ ಒಯ್ದಳು. ನನ್ನ ಖಾಲಿ ಹೊಟ್ಟೆ ಕೆಂಪಾಗುವವರೆಗೆ ಕಾಯಿಸಿದಳು. ಮರಳು, ಹುಣಸೆಹಣ್ಣು, ಕೊನೆಗೆ ಸೋಪು. ಅವಳೇ ಹಚ್ಚಿದ ಹೊಳಪನ್ನು ಅವಳೇ ಕಿತ್ತಳು, ಕೈ ಬೊಬ್ಬೆ ಬರುವಷ್ಟು. ನಾನು ಬೂದು ಬಣ್ಣದ ಬೋಳು ಕಬ್ಬಿಣವಾದೆ. ಅವಳ ಮಗಳ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚು ಯಾವತ್ತೂ ಆಗಿರಲಿಲ್ಲ.

ಮತ್ತೆ ಎಣ್ಣೆ ಸುರಿದಳು, ಮತ್ತೆ ಸಿಗಡಿ ಬಿಟ್ಟಳು. ತಟ್ಟೆ ನೋಡಿದ್ದೇ ಅನ್ವಿತಾ ಹಿಂದೆ ಸರಿದು ಬಾಯಿ ಮುಚ್ಚಿಕೊಂಡಳು. ಹಿಂದಿನ ದಿನದ ಉರಿ ನೆನಪಿತ್ತಲ್ಲ.

"ಇದ್ ಚಿಕ್ಕಮ್ಮ ಮಾಡಿದ್ದಾ?"

ವನಜ ಬೊಬ್ಬೆ ಬಂದ ಕೈಯನ್ನು ಸೆರಗಿನಲ್ಲಿ ಮುಚ್ಚಿದಳು.

"ಹೌದ್ ಮಗಾ. ಚಿಕ್ಕಮ್ಮನೇ ಮಾಡಿಟ್ಟ್ ಹೋದ್ದ್. ತಿನ್ನ್."

ಅನ್ವಿತಾ ತಟ್ಟೆ ಖಾಲಿ ಮಾಡಿದಳು.

ಈಗ ನನ್ನ ಒಂದು ಹಿಡಿ ಮುರಿದಿದೆ. ಹಿತ್ತಲ ಬಾಗಿಲ ಮೂಲೆಯಲ್ಲಿ ತೆಂಗಿನ ಚಿಪ್ಪು ತುಂಬಿಕೊಂಡು ಕೂತಿದ್ದೇನೆ. ಬಿಳಿ ಬಾಣಲೆ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಮಡಕೆಯ ಮೇಲಿನ ಮತ್ಸರ, ಆ ಬಿಳಿಯವಳ ಮೇಲಿನ ಮತ್ಸರ, ಎಲ್ಲ ಆರಿಹೋಗಿದೆ. ವಯಸ್ಸಾದ ಮೇಲೆ ಅಷ್ಟೊಂದು ಉರಿಯಲು ಶಕ್ತಿಯೂ ಸಾಲದು.

ಅನ್ವಿತಾ ಕಾಲೇಜಿಗೆ ಹೋಗುತ್ತಾಳೆ. ಅಮ್ಮನ ಕೆಂಪು ಸಿಗಡಿಯನ್ನೂ ಈಗ ತಿನ್ನುತ್ತಾಳೆ. ಮೊನ್ನೆ ಹಿತ್ತಲಲ್ಲಿ ಕೈ ತೊಳೆಯುತ್ತ ಹೇಳಿದಳು: "ಏನೇ ಹೇಳ್ ಅಮ್ಮ, ಸಣ್ಣದಿರುವಾಗ ಚಿಕ್ಕಮ್ಮ ಮಾಡಿಟ್ಟ್ ಹೋದ ಚಟ್ಲಿ ಇತ್ತಲ್ಲ, ಆ ರುಚಿ ನಿನ್ನ ಕೈಯಂಗೆ ಬಪ್ಪುದಿಲ್ಲ."

"ಎಲ್ಲಿಂದ ಬತ್ತ್ ಮಗಾ!" ಎಂದು ವನಜ ನಕ್ಕಳು, ನಿಜವಾಗಿಯೇ ನಕ್ಕಳು.

ನನಗೆ ಮಾತ್ರ ಇವತ್ತಿಗೂ ಸಹಿಸಲಾಗುವುದಿಲ್ಲ.