ಎಡಗಡೆಯ ಲಿವರ್

"ಎಡಗಡೆ ಎಂಜಿನ್ ಆಫ್ ಮಾಡ್ತಿದೀನಿ. ಖಚಿತನಾ?"

ಕ್ಯಾಪ್ಟನ್ ಕೈ ಆಗಲೇ ಲಿವರ್ ಮೇಲಿತ್ತು. ಢಮ್ಮೆಂದ ಸದ್ದಿನ ಬೆನ್ನಿಗೇ ವಿಮಾನ ಕಲ್ಲುದಾರಿಗೆ ಬಿದ್ದ ಹಳೇ ಬಸ್ಸಿನಂತೆ ಕುಲುಕುತ್ತಿತ್ತು. ಕಾಕ್‌ಪಿಟ್ ತುಂಬ ಸುಟ್ಟ ವಾಸನೆ. ಬಾಗಿಲಿನಾಚೆ ಯಾರೋ ಕಿರುಚಿದರು. ಕೆಟ್ಟ ಎಂಜಿನ್ ನಿಲ್ಲಿಸುವ ಮುನ್ನ ಒಬ್ಬರು ಲಿವರ್ ಹಿಡಿದು ಕೇಳಬೇಕು, ಇನ್ನೊಬ್ಬರು ನೋಡಿ "ಖಚಿತ" ಎನ್ನಬೇಕು. ತರಬೇತಿಯಲ್ಲಿ ಹೇಳಿ ಹೇಳಿ ಆ ಮಾತು ಕೋ-ಪೈಲಟ್ ಹುಡುಗಿಯ ನಾಲಿಗೆಯ ತುದಿಯಲ್ಲೇ ಕೂತಿತ್ತು.

ಸಾಲದ್ದಕ್ಕೆ ಕೇಳುತ್ತಿದ್ದವನು ಅವಳ ಸೋದರಮಾವ. ಅವಳಿಗೆ ವಿಮಾನದ ಹುಚ್ಚು ಹಿಡಿಸಿದವನೇ ಅವನು. ಮನೆಯಲ್ಲಿ ಅವನ ಮಾತಿಗೆ ಎದುರಾಡಿದವರಿಲ್ಲ. ಬೆಳಿಗ್ಗೆ ಬ್ಯಾಗ್ ಇಡುತ್ತಲೇ, "ನೋಡಮ್ಮಾ, ಇಲ್ಲಿ ಮಾವ ಗೀವ ಅಂತ ರಾಗ ಎಳೀಬೇಡ. ಸರ್ ಅನ್ನು, ಸಾಕು," ಎಂದು ಗದರಿ, ಮರುಕ್ಷಣ ತಾನೇ ನಕ್ಕಿದ್ದ.

ಅವಳು ಎಂಜಿನ್‌ಗಳ ನಡುಕ ತೋರಿಸುವ ಮುಳ್ಳುಗಳನ್ನು ನೋಡಿದಳು. ಎಡಗಡೆಯದು ಅಲ್ಲಾಡದೆ ನಿಂತಿತ್ತು. ಬಲಗಡೆಯದು ಕೆಂಪು ಗೆರೆ ದಾಟಿ ಪತರಗುಟ್ಟುತ್ತಿತ್ತು. ಅವನಿಗೆ ಕಾಣದ್ದು ತನಗೆ ಕಂಡೀತೇ? ತಾನೇ ಗಾಬರಿಯಲ್ಲಿ ತಪ್ಪು ನೋಡುತ್ತಿದ್ದರೆ? ಚೆನ್ನಾಗಿರುವ ಎಂಜಿನ್ ನಿಲ್ಲಿಸಿದರೆ ಹಿಂದೆ ಕೂತ ಅಷ್ಟೂ ಜನರ ಕಥೆ ಮುಗಿದಂತೆಯೇ.

"ಖಚಿತನಾ ಅಂದೆ! ಬೇಗ!"

ಲಿವರ್ ಕದಲಿತು. ಅವಳು ಅವನ ಕೈಯನ್ನು ಗಟ್ಟಿಯಾಗಿ ಅದುಮಿ ಹಿಡಿದಳು.

"ಬೇಡ ಮಾವಾ! ಅದಲ್ಲ, ಬಲಗಡೇದು. ಮುಳ್ಳು ನೋಡಿ!"

ಅವನು ಸಿಡುಕಿ ತಿರುಗಿದ. "ಸದ್ದು ಬಂದಿದ್ದು ಎಡಗಡೆ..." ಎಂದವನು ಮುಳ್ಳು ನೋಡಿ ಅಲ್ಲಿಗೇ ನಿಲ್ಲಿಸಿದ. ಎಡಗಡೆಯ ಲಿವರಿನಿಂದ ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಪಕ್ಕದ ಲಿವರ್ ಮೇಲಿಟ್ಟ.

"ಬಲಗಡೆ. ಖಚಿತನಾ?"

"ಖಚಿತ, ಸರ್."

ಕುಲುಕಾಟ ಮೆಲ್ಲಗೆ ತಗ್ಗಿತು. ಒಂದೇ ಎಂಜಿನ್ನಿನಲ್ಲಿ ಹತ್ತಿರದ ನಿಲ್ದಾಣ ಸೇರುವವರೆಗೆ ಅವನು ಹಾರಿಸಿದ, ಅವಳು ತುರ್ತುಪಟ್ಟಿಯ ಒಂದೊಂದೇ ಸಾಲು ಓದಿ ಹೇಳಿದಳು. ಚಕ್ರ ನೆಲ ಮುಟ್ಟಿದಾಗ ಹಿಂದಿನಿಂದ ಚಪ್ಪಾಳೆ, ಅಳು ಒಟ್ಟೊಟ್ಟಿಗೇ ಕೇಳಿದವು.

ವಿಮಾನ ನಿಂತಿತು. ಉಳಿದ ಎಂಜಿನ್ ನಿಲ್ಲಿಸುವುದೊಂದು ಬಾಕಿ. ನೆಲದ ಮೇಲೆ ಅದಕ್ಕೆ ಯಾರನ್ನೂ ಕೇಳಬೇಕಿಲ್ಲ. ಅವನು ಯಾವತ್ತೂ ಕೇಳಿದವನೂ ಅಲ್ಲ. ಇವತ್ತು ಎಡಗಡೆಯ ಲಿವರ್ ಮೇಲೆ ಕೈಯಿಟ್ಟು ಹಾಗೇ ಕೂತ.

"ಎಡಗಡೆ," ಎಂದ. "ಖಚಿತನಾ?"

ಅವಳು ಮುಳ್ಳು ನೋಡಿದಳು, ಲಿವರ್ ನೋಡಿದಳು, ಅದರ ಮೇಲಿದ್ದ ಕೈಯನ್ನೂ ನೋಡಿದಳು.

"ಖಚಿತ, ಮಾವ."