ಟುಲಿಪ್ ಜೊತೆ ಹೋದ ಚೀಟಿ

ನಮ್ಮ ಅಂಗಡಿಯಿಂದ ಯಾವ ಹೂ ಹೋದರೂ ಅದಕ್ಕೆ ಆ ಹೆಸರು ಹೇಗೆ ಬಂತೆಂದು ನಾನೇ ಚೀಟಿ ಬರೆದು ಸಿಕ್ಕಿಸುತ್ತೇನೆ. ಕೆಳಗೆ ಅಂಗಡಿಯ ಫೋನ್ ನಂಬರ್. "ಹೂ ಮಾರೋಳಿಗೆ ಮೇಷ್ಟ್ರ ಕೆಲಸ ಯಾಕೆ?" ಎಂದು ಗಂಡ ಗೊಣಗುತ್ತಲೇ ಇರುತ್ತಾರೆ.

ಆ ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದ ಹೆಂಗಸೊಬ್ಬರಿಗೆ ಹತ್ತು ಟುಲಿಪ್ ಕೊಟ್ಟುಬಂದ ಅವರು ಹೆಲ್ಮೆಟ್ ತೆಗೆಯುತ್ತಾ ಹೇಳಿದರು: "ಪಾಪ ಕಣೇ, ಆಯಮ್ಮನ ತಲೇಲಿ ಒಂದು ಕೂದಲೂ ಇಲ್ಲ. ಬಟ್ಟೆ ಸುತ್ಕೊಂಡಿದ್ರು."

ಚೀಟಿಯಲ್ಲಿ ನಾನು ಬರೆದದ್ದು ಇಷ್ಟು: 'ಟುಲಿಪ್ ಎಂಬ ಹೆಸರು ತಲೆಗೆ ಸುತ್ತುವ ಬಟ್ಟೆಯ ತುರ್ಕಿ ಹೆಸರಿನಿಂದ ಬಂತು. ಮೊಗ್ಗನ್ನೊಮ್ಮೆ ನೋಡಿ, ಬಟ್ಟೆ ಸುತ್ತಿದ ತಲೆಯೇ ಅಲ್ಲವೇ?'

"ರೀ, ಅವರು ಓದಿದ್ರಾ?"

"ಅದನ್ನ ನೋಡ್ತಾ ನಾನಲ್ಲೇ ನಿಂತಿರ್ಲಾ?"

ಯಾರಿಗೆ ಬೇಕಿತ್ತು ನನ್ನ ಪಾಂಡಿತ್ಯ! ಗುಲಾಬಿಯ ಮುಳ್ಳು ಬಿಡಿಸಲು ಹೋಗಿ ಬೆರಳು ಚುಚ್ಚಿಕೊಂಡೆ. ಆಗಷ್ಟೇ ಬದಲಿಸಿದ ಬಕೆಟ್ಟಿನ ನೀರನ್ನು ಮತ್ತೆ ಚೆಲ್ಲಿದೆ. ಹೂ ಕಳಿಸಿದ ಆಕೆಯ ತಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳೋಣವೆಂದರೆ, ಆಕೆ ಓದದೇ ಇದ್ದರೆ ನಾನೇ ಓದಿ ಹೇಳಿದಂತಾಗುತ್ತದೆ.

ಮಧ್ಯಾಹ್ನ ಅಂಗಡಿಯ ಫೋನೇ ಬಡಿದುಕೊಂಡಿತು.

"ಟುಲಿಪ್ ಚೀಟಿ ಬರೆದಿದ್ದು ನೀವೇನಾ?" ಹೆಂಗಸಿನ ದನಿ.

"ತಪ್ಪಾಯ್ತಮ್ಮಾ, ನಂಗೆ ಗೊತ್ತಿರಲಿಲ್ಲ..."

"ಅದಿರ್ಲಿ. ಈ ವಾರ್ಡಲ್ಲಿ ಬಟ್ಟೆ ಸುತ್ಕೊಂಡೋರು ಎಂಟು ಜನ ಇದೀವಿ. ಹೂ ಹಂಚ್ಕೊಂಡ್ವಿ, ಚೀಟಿ ನಂಗೆ ಬೇಕು ಅಂತ ಜಗಳ. ಬೇಗ ಇನ್ನೂ ಏಳು ಬರೆದು ಕಳ್ಸಿ."